ಆರು ವರ್ಷದಿಂದ ಆಡುತ್ತಿರುವ ಆನ್‌ಲೈನ್ ಚೆಸ್ ಬಿಡಬೇಕು ಅಂತಿದ್ದೇನೆ. ಹೀಗೆ ಏನಾದರೂ ಬಿಟ್ಟವರು ಇದ್ದೀರಾ?

ಅರ್ಧಪ್ರಬಂಧ · ಮೊದಲ ದಿನ, ರಾತ್ರಿ 1:20

ಈಗಷ್ಟೇ ಮಾಡಬಾರದ ಒಂದು ಲೆಕ್ಕ ಮಾಡಿದೆ. ಚೆಸ್ ಆ್ಯಪ್‌ನಲ್ಲಿ ನನ್ನ ಪುಟ ತೆರೆದು ಇಲ್ಲಿಯವರೆಗೆ ಎಷ್ಟು ಗೇಮ್ ಆಡಿದ್ದೇನೆ ಅಂತ ನೋಡಿದೆ. 38,000 ದಾಟಿದೆ. ಬಹುತೇಕ ಎಲ್ಲವೂ ಮೂರು ನಿಮಿಷದ ಬ್ಲಿಟ್ಜ್, ಅಂದರೆ ಇಡೀ ಗೇಮಿಗೆ ಒಬ್ಬೊಬ್ಬರಿಗೆ ಮೂರೇ ನಿಮಿಷ. ಇಬ್ಬರ ಗಡಿಯಾರ ಸೇರಿ ಗೇಮಿಗೆ ಐದು ನಿಮಿಷ ಅಂತ ಹಿಡಿದರೂ 3,100 ಗಂಟೆಗೆ ಮೇಲಾಯಿತು. ಆರು ವರ್ಷಕ್ಕೆ ಹಂಚಿದರೆ ದಿನಕ್ಕೆ ಹತ್ತಿರ ಹತ್ತಿರ ಒಂದೂವರೆ ಗಂಟೆ. ದಿನಕ್ಕೆ ಎಂಟು ಗಂಟೆಯ ಕೆಲಸ ಅಂದುಕೊಂಡರೆ 390 ದಿನಕ್ಕಿಂತ ಜಾಸ್ತಿ. ಒಂದೂ ರಜೆ ಹಾಕದೆ ವರ್ಷಕ್ಕೂ ಮೀರಿ ದುಡಿದಿದ್ದೇನೆ, ಸಂಬಳ ಮಾತ್ರ ಇಲ್ಲ.

ಇನ್ನೊಂದು ಕಡೆ ನನ್ನ ಪಿಎಚ್‌ಡಿ ಪ್ರಬಂಧ ಇದೆ. ನೌಕರಿ ಮಾಡಿಕೊಂಡೇ ಬರೆಯುತ್ತಿದ್ದೇನೆ. ಐದು ಅಧ್ಯಾಯದಲ್ಲಿ ಮೂರು ಮುಗಿದಿವೆ. ನಾಲ್ಕನೆಯದು ಎರಡು ವರ್ಷದಿಂದ 'ಮುಂದಿನ ತಿಂಗಳು' ಅಂತಲೇ ಇದೆ. ಮೊದಮೊದಲು ಗೈಡ್ ಫೋನ್ ಮಾಡಿ ಕೇಳುತ್ತಿದ್ದರು. ಈಗ ಕೇಳುವುದನ್ನೇ ಬಿಟ್ಟಿದ್ದಾರೆ. ಬೈದಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ.

ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತೇನೆ. ಬರೆಯುವ ಮುಂಚೆ ತಲೆ ಹಗುರವಾಗಲಿ ಅಂತ ಒಂದೇ ಒಂದು ಗೇಮ್. ಗೆದ್ದರೆ ಹುರುಪು ಬಂದು ಇನ್ನೊಂದು. ಸೋತರೆ ಹಾಗೇ ಎದ್ದು ಹೋಗಲು ಮನಸ್ಸು ಬರುವುದಿಲ್ಲ, ಅದಕ್ಕೆ ಇನ್ನೊಂದು. ರೇಟಿಂಗ್, ಅಂದರೆ ಗೆದ್ದರೆ ಏರಿ ಸೋತರೆ ಇಳಿಯುವ ಅಂಕ, ಎರಡು ವರ್ಷದಿಂದ 1,840ರ ಆಸುಪಾಸಿನಲ್ಲೇ ಕೂತಿದೆ. 1,900 ಮುಟ್ಟಿದ ದಿನ ಬಿಡುತ್ತೇನೆ ಅಂತ ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ. ಒಮ್ಮೆ 1,893 ಆಗಿತ್ತು.

ಕೇಳಬೇಕಾದ್ದು ಎರಡು. ಪೂರ್ತಿ ಬಿಡುವುದು ಒಳ್ಳೆಯದಾ, ಕಡಿಮೆ ಮಾಡುವುದಾ? ಮತ್ತೆ, ಬಿಟ್ಟವರೇ, ಆ ಸಮಯ ನಿಜವಾಗಿ ನಿಮ್ಮ ಕೈಗೆ ಸಿಕ್ಕಿತಾ?

ಹಳೇಕುದುರೆ · ರಾತ್ರಿ 1:34

ಮೊದಲು ಇದು ಹೇಳಿ. 1,893 ಇದ್ದಾಗ ಮುಂದಿನ ಗೇಮ್ ಹೇಗೆ ಸೋತಿರಿ?

ಅರ್ಧಪ್ರಬಂಧ · ರಾತ್ರಿ 1:36

ಒಂದು ಆನೆ ಜಾಸ್ತಿ ಇತ್ತು ಸರ್. ಟೈಮ್ ಮುಗಿದು ಸೋತೆ. ಒಂದೊಂದು ನಡೆಯೂ ನೆನಪಿದೆ. ನಾಲ್ಕನೇ ಅಧ್ಯಾಯದ ಮೊದಲ ವಾಕ್ಯ ಯಾವುದು ಅಂತ ಕೇಳಿ, ಗೊತ್ತಿಲ್ಲ.

ಹಳೇಕುದುರೆ · ರಾತ್ರಿ 1:37

ಸರಿ, ಕಾಯಿಲೆ ಯಾವುದು ಅಂತ ಗೊತ್ತಾಯಿತು. ನನಗೂ ಇತ್ತು. ನಾಳೆ ಬರೆಯುತ್ತೇನೆ. ನೀವು ಈಗ ಮಲಗಿ. ಆ್ಯಪ್ ತೆರೆಯಬೇಡಿ.

ಅರ್ಧಪ್ರಬಂಧ · ರಾತ್ರಿ 2:15

ತೆರೆದೆ.

ಗಿಲ್ಡ್‌ಬಿಟ್ಟವ · ಎರಡನೇ ದಿನ, ಬೆಳಿಗ್ಗೆ 8:10

ನನ್ನದು ಬೇರೆ ಆಟ, ಕಥೆ ಅದೇ. ಒಂದು ಆನ್‌ಲೈನ್ ಗೇಮ್‌ನಲ್ಲಿ ಗಿಲ್ಡ್ ನಡೆಸುತ್ತಿದ್ದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಗಿಲ್ಡ್ ಅಂದರೆ ಒಂದು ತಂಡ. ವಾರಕ್ಕೆ ನಾಲ್ಕು ರಾತ್ರಿ 25 ಜನರನ್ನು ಒಂದೇ ಹೊತ್ತಿಗೆ ಸೇರಿಸಬೇಕು. ಯಾರು ಬಂದರು, ಯಾರು ಮುನಿಸಿಕೊಂಡರು, ಗೆದ್ದ ಕತ್ತಿ ಯಾರ ಪಾಲಿಗೆ, ಎಲ್ಲದಕ್ಕೂ ನಾನೇ ಬೇಕು. ಆಫೀಸಿನಲ್ಲಿ ನನ್ನ ಕೈಕೆಳಗೆ ಒಬ್ಬರೂ ಇರಲಿಲ್ಲ. ಅಲ್ಲಿ 25 ಜನ ನನ್ನ ಮಾತಿಗೆ ಕಾಯುತ್ತಿದ್ದರು. ನಾನು ಯಾಕೆ ಬಿಡಲಾರದೆ ಒದ್ದಾಡಿದೆ ಅಂತ ಇಷ್ಟರಲ್ಲೇ ಗೊತ್ತಾಗಿರಬೇಕು.

ಪ್ರೋಗ್ರಾಮಿಂಗ್ ಕಲಿತು ಬೇರೆ ಕೆಲಸ ಹುಡುಕಬೇಕು ಅಂತ ಮೂರು ವರ್ಷದಿಂದ ಹೇಳಿಕೊಂಡು ತಿರುಗುತ್ತಿದ್ದೆ. ಕೊನೆಗೆ ಒಂದು ದಿನ ಎಲ್ಲರಿಗೂ ಉದ್ದದ ಪತ್ರ ಬರೆದು ಬಿಟ್ಟೆ. ಈಗ ಆ ಪತ್ರ ಓದಿದರೆ ನಗು ಬರುತ್ತದೆ. ಸಿಂಹಾಸನ ಬಿಟ್ಟು ಕಾಡಿಗೆ ಹೊರಟವನ ಹಾಗೆ ಬರೆದಿದ್ದೇನೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ, ಸಿಗಲಿಲ್ಲ. ಮೊದಲ ತಿಂಗಳು ಆ ಸಮಯ ಪೂರ್ತಿ ವಿಡಿಯೋ ನೋಡುವುದಕ್ಕೆ ಹೋಯಿತು. ಯಾವ ವಿಡಿಯೋ? ಬೇರೆಯವರು ಅದೇ ಗೇಮ್ ಆಡುವ ವಿಡಿಯೋ! ಆಟ ಬಿಟ್ಟರೆ ಆ ಎರಡು ಗಂಟೆ ತಾನಾಗಿ ಪುಸ್ತಕದ ಕಡೆ ಹರಿಯುತ್ತದೆ ಅಂದುಕೊಂಡಿದ್ದೆ. ನೀರಿನ ಹಾಗೆ ಅದು ತಗ್ಗು ಇರುವ ಕಡೆಗೇ ಹೋಯಿತು. ಕಾಲುವೆ ತೋಡಿರಲಿಲ್ಲವಲ್ಲ.

ಆಮೇಲೆ ಕೆಲಸಕ್ಕೆ ಬಂದದ್ದು ಒಂದೇ. ಗಿಲ್ಡ್ ಸೇರುತ್ತಿದ್ದ ಅದೇ ಹೊತ್ತಿಗೆ, ಅದೇ ನಾಲ್ಕು ರಾತ್ರಿ, ಇನ್ನಿಬ್ಬರ ಜೊತೆ ಕೂತು ಕಲಿಯಲು ಶುರು ಮಾಡಿದೆ. ನಾನು ಬರದಿದ್ದರೆ ಅವರು ಫೋನ್ ಮಾಡುತ್ತಿದ್ದರು. ಗಿಲ್ಡ್ ನನ್ನನ್ನು ಹಿಡಿದಿಟ್ಟಿದ್ದ ಹಗ್ಗವೂ ಅದೇ ಅಲ್ವಾ? ಹಗ್ಗ ಅದೇ, ಕಟ್ಟಿದ ಗೂಟ ಬೇರೆ.

ಲೆಕ್ಕದಹುಳು · ಎರಡನೇ ದಿನ, ಬೆಳಿಗ್ಗೆ 9:02

1,900 ಮುಟ್ಟಿ ಬಿಡುತ್ತೇನೆ ಅನ್ನುವ ಮಾತಿನಲ್ಲೇ ಒಂದು ತೊಡಕು ಇದೆ. ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಈ ರೇಟಿಂಗ್ ಪದ್ಧತಿ ಭೌತಶಾಸ್ತ್ರದ ಪ್ರೊಫೆಸರ್ ಆರ್ಪಾಡ್ ಈಲೋ ರೂಪಿಸಿದ್ದು. ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ ಇದನ್ನು 1970ರಲ್ಲಿ ಒಪ್ಪಿಕೊಂಡಿತು. ಆ್ಯಪ್‌ಗಳು ಸ್ವಲ್ಪ ಬದಲಿಸಿಕೊಂಡಿವೆ, ತಿರುಳು ಅದೇ. ಎದುರಾಳಿಗಿಂತ ನಿಮ್ಮ ರೇಟಿಂಗ್ 200 ಜಾಸ್ತಿ ಇದ್ದರೆ ನೂರಕ್ಕೆ ಸುಮಾರು 76 ಪಾಯಿಂಟ್ (ಗೆಲುವಿಗೆ ಒಂದು, ಡ್ರಾಗೆ ಅರ್ಧ) ನಿಮ್ಮದು. ಸಮ ಇದ್ದರೆ 50. ಆ್ಯಪ್ ನಿಮಗೆ ಯಾರನ್ನು ಹುಡುಕಿ ಕೊಡುತ್ತದೆ? ನಿಮ್ಮ ಸಮಕ್ಕೆ ಇರುವವರನ್ನೇ. ನೀವು ಚೆನ್ನಾಗಿ ಆಡಿದಷ್ಟೂ ಎದುರಿಗೆ ಗಟ್ಟಿ ಆಸಾಮಿ ಬರುತ್ತಾನೆ. ಹಾಗಾಗಿ 38,000 ಗೇಮ್ ಆಡಿದರೂ ನೀವು ಗೆದ್ದಿರುವುದು ಅರ್ಧದ ಆಸುಪಾಸು. ನೋಡಿ ಹೇಳಿ.

ಗೆಲುವು ಬರುತ್ತದೆ, ಆದರೆ ಯಾವಾಗ ಅಂತ ಗೊತ್ತಿಲ್ಲ. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಕಂಡದ್ದೂ ಇದೇ. ಗುಂಡಿ ಕುಕ್ಕಿದಾಗ ಕಾಳು ಎಷ್ಟನೇ ಸಲಕ್ಕೆ ಬೀಳುತ್ತದೆ ಅಂತ ಗೊತ್ತಿಲ್ಲದಿದ್ದರೆ ಪಾರಿವಾಳ ಬಿಡದೆ ಕುಕ್ಕುತ್ತದೆ. ಕಾಳು ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ.

ಇನ್ನು 1,893. ನಿಮ್ಮ ನಿಜವಾದ ಮಟ್ಟ 1,840 ಇದ್ದರೆ ಐವತ್ತು ಮೇಲೆ, ಐವತ್ತು ಕೆಳಗೆ ಓಲಾಡುವುದು ಮಾಮೂಲು. ಒಂದು ಒಳ್ಳೆಯ ರಾತ್ರಿ 1,900 ಮುಟ್ಟುತ್ತೀರಿ, ಮರುದಿನ 1,860. ಆಗ ಬಿಡುತ್ತೀರಾ? 'ಮತ್ತೆ ಒಂದು ಸಲ ಮುಟ್ಟಿ' ಅನ್ನುತ್ತೀರಿ.

ಅರ್ಧಪ್ರಬಂಧ · ಎರಡನೇ ದಿನ, ಮಧ್ಯಾಹ್ನ 1:15

ನೋಡಿದೆ. ಗೆಲುವು ನೂರಕ್ಕೆ 49, ಸೋಲು 47, ಉಳಿದದ್ದು ಡ್ರಾ. ನಾಣ್ಯ ಚಿಮ್ಮಿಕೊಂಡು ಕೂತಿದ್ದರೂ ಇಷ್ಟೇ ಬರುತ್ತಿತ್ತು. ಯಾಕೆ ಸರ್ ಇದನ್ನು ಹೇಳಿದಿರಿ.

ಸೂಜಿದಾರ · ಎರಡನೇ ದಿನ, ಮಧ್ಯಾಹ್ನ 3:40

ನಾನು ಬೇರೆ ಮಾತು ಹೇಳುತ್ತೇನೆ. ಎಲ್ಲರೂ ಬಿಡಿ ಬಿಡಿ ಅನ್ನುತ್ತಿದ್ದೀರಿ.

ನಾನು ಕಸೂತಿ ಹಾಕುತ್ತಿದ್ದೆ. ದಿನಾ ಸಂಜೆ ಎರಡು ಗಂಟೆ. ಇಲಾಖೆಯ ಪರೀಕ್ಷೆ ಪಾಸಾಗಬೇಕಿತ್ತು, ಆಗದಿದ್ದರೆ ಬಡ್ತಿ ಇಲ್ಲ. 'ಗುರಿ ಇಟ್ಟುಕೊಂಡವರಿಗೆ ಇದೆಲ್ಲ ಯಾಕೆ' ಅಂತ ಹತ್ತಿರದವರೊಬ್ಬರು ಅಂದರು. ಮಾತು ನಾಟಿತು. ದಾರದ ಡಬ್ಬಿ, ಚೌಕಟ್ಟು, ಅರ್ಧ ಹಾಕಿದ ಎರಡು ಬಟ್ಟೆ, ಎಲ್ಲಾ ಕೊಟ್ಟುಬಿಟ್ಟೆ. ಪರೀಕ್ಷೆ ಪಾಸಾದೆ. ಬಡ್ತಿಯೂ ಸಿಕ್ಕಿತು. ಆದರೆ ಆ ವರ್ಷ ನಾನು ಮನೆಯಲ್ಲಿ ಎಷ್ಟು ಸಿಡುಕುತ್ತಿದ್ದೆ ಅಂದರೆ, ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಓದಿ ಓದಿ ಕಾದ ತಲೆಗೆ ಸಂಜೆ ಆ ಎರಡು ಗಂಟೆ ತಂಪು ಕೊಡುತ್ತಿತ್ತು ಅಂತ ಅದು ಇಲ್ಲವಾದ ಮೇಲೆ ಗೊತ್ತಾಯಿತು. ಅರ್ಧ ಗಂಟೆಗೆ ಇಳಿಸಿದ್ದರೆ ಸಾಕಾಗಿತ್ತು.

ಅದಕ್ಕೇ ಕೇಳುತ್ತೇನೆ, ಆಡಿ ಮುಗಿಸಿದಾಗ ಹೇಗಿರುತ್ತೀರಿ? ನಾನು ಸೂಜಿ ಕೆಳಗಿಟ್ಟಾಗ ಬಟ್ಟೆಯ ಮೇಲೆ ಒಂದು ಎಲೆಯೋ ಹೂವೋ ಇರುತ್ತಿತ್ತು, ಹಾಸಿಗೆಗೆ ಹೋದ ತಕ್ಷಣ ನಿದ್ದೆ. ನೀವು?

ಅರ್ಧಪ್ರಬಂಧ · ಎರಡನೇ ದಿನ, ಸಂಜೆ 6:20

ನಿಜ ಹೇಳಬೇಕು ಅಂದರೆ ಕಣ್ಣು ಉರಿ, ತಲೆ ಬಿಸಿ. ಹಾಸಿಗೆಯಲ್ಲಿ ಬಿದ್ದುಕೊಂಡು ಕುದುರೆಯನ್ನು ಅಲ್ಲಿ ಇಡಬೇಕಿತ್ತು, ಇಲ್ಲಿ ಇಡಬೇಕಿತ್ತು ಅಂತ ಮುಕ್ಕಾಲು ಗಂಟೆ. ಸಂತೋಷದಿಂದ ಆಟ ನಿಲ್ಲಿಸಿದ ರಾತ್ರಿ ಕೊನೆಯ ಸಲ ಯಾವಾಗ ಇತ್ತು ಅಂತ ಯೋಚಿಸಿದೆ. ನೆನಪಾಗಲಿಲ್ಲ.

ಸೂಜಿದಾರ · ಎರಡನೇ ದಿನ, ಸಂಜೆ 6:31

ಹಾಗಾದರೆ ನನ್ನ ಮಾತು ವಾಪಸ್. ಬಿಡಿ.

ಲೆನ್ಸ್‌ಕ್ಯಾಪ್ · ಎರಡನೇ ದಿನ, ಸಂಜೆ 7:05

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ಹಕ್ಕಿ ಫೋಟೋಗ್ರಫಿ. ಪ್ರತಿ ಶನಿವಾರ ಭಾನುವಾರ ಬೆಳಕು ಹರಿಯುವ ಮೊದಲೇ ಹೊರಡುತ್ತೇನೆ. ಸ್ವಂತ ಕೆಲಸ ಶುರು ಮಾಡುವ ಆಸೆ ಇದೆ, ಇರುವುದು ಅವೆರಡೇ ದಿನ. ಲೆನ್ಸ್‌ಗೆ ಸುರಿದ ದುಡ್ಡು ನೆನಪಾದರೆ ಬಿಡಲು ಮನಸ್ಸು ಬರುವುದಿಲ್ಲ. ಮಾರಿಬಿಡಲಾ?

ಗಿಲ್ಡ್‌ಬಿಟ್ಟವ · ಎರಡನೇ ದಿನ, ಸಂಜೆ 7:22

ದುಡ್ಡು ಲೆನ್ಸ್ ಕೊಂಡ ದಿನವೇ ಹೋಯಿತು. ನೀವು ಇನ್ನೂ ಹತ್ತು ವರ್ಷ ಬೆಳಿಗ್ಗೆ ನಾಲ್ಕಕ್ಕೆ ಎದ್ದರೂ ಅದು ವಾಪಸ್ ಬರುವುದಿಲ್ಲ. ಆದರೆ ಈಗಲೇ ಮಾರಬೇಡಿ. ಆರು ತಿಂಗಳು ಗೆಳೆಯರೊಬ್ಬರ ಮನೆಯಲ್ಲಿ ಇಡಿ. ಅಷ್ಟರೊಳಗೆ ಎಷ್ಟು ಸಲ ಕೇಳಲು ಹೋಗುತ್ತೀರಿ ನೋಡಿ. ಸೂಜಿದಾರ ಮೇಡಂ ಹೇಳಿದ್ದು ಓದಿದಿರಲ್ಲ.

ಸುಮ್ನೆಓದುವವಳು · ಎರಡನೇ ದಿನ, ರಾತ್ರಿ 11:58

ನನ್ನ ಹವ್ಯಾಸ ರಾತ್ರಿಯೆಲ್ಲಾ ಇಂಥ ಚರ್ಚೆ ಓದುವುದು. ಇದನ್ನು ಬಿಡುವುದು ಹೇಗೆ ಅಂತಲೂ ಯಾರಾದರೂ ಹೇಳಿ.

ಹಳೇಕುದುರೆ · ಮೂರನೇ ದಿನ, ಬೆಳಿಗ್ಗೆ 6:45

ತಡವಾಯಿತು, ಕ್ಷಮಿಸಿ. ನಿಮ್ಮ ಪ್ರಬಂಧದ ಮಾತು ಕೇಳಿ ಬೊಟ್ವಿನ್ನಿಕ್ ನೆನಪಾದ. ಚೆಸ್‌ನವರಾದ್ದರಿಂದ ನಿಮಗೂ ಹೆಸರು ಗೊತ್ತಿರುತ್ತದೆ. ಮಿಖಾಯಿಲ್ ಬೊಟ್ವಿನ್ನಿಕ್ 1948ರಲ್ಲಿ ವಿಶ್ವ ಚಾಂಪಿಯನ್ ಆದ. ಆದವನು ಏನು ಮಾಡಿದ? ಮೂರು ವರ್ಷ ಒಂದೂ ಪಂದ್ಯ ಆಡಲಿಲ್ಲ. ಆತ ವಿದ್ಯುತ್ ಎಂಜಿನಿಯರ್ ಕೂಡ. ಡಾಕ್ಟರೇಟ್ ಕೆಲಸ ಹಿಡಿದು ಕೂತ. 1951ರಲ್ಲಿ ಬ್ರಾನ್‌ಸ್ಟೈನ್ ಪಟ್ಟಕ್ಕೆ ಸವಾಲು ಹಾಕಿದಾಗ ತುಕ್ಕು ಹಿಡಿದ ಕೈಯಲ್ಲೇ ಬಂದ. 24 ಗೇಮ್, 12–12ಕ್ಕೆ ಸಮ. ಸಮವಾದರೆ ಪಟ್ಟ ಹಳಬನಿಗೇ ಉಳಿಯುವ ನಿಯಮ ಇತ್ತು, ಉಳಿಯಿತು. ಕೂದಲೆಳೆಯಲ್ಲಿ ತಪ್ಪಿಸಿಕೊಂಡ ಅನ್ನಿ. ಡಾಕ್ಟರೇಟೂ ಆಯಿತು.

ವಿಶ್ವ ಚಾಂಪಿಯನ್ನೇ ಮೂರು ವರ್ಷ ಬೋರ್ಡ್ ಮಡಚಿ ಇಟ್ಟ. ನಾವು 1,840 ಕಳೆದುಹೋಗುತ್ತದೆ ಅಂತ ಹೆದರುತ್ತೇವೆ. ನಾನೂ ಹೆದರಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಆದರೆ ಈ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಪಾಲ್ ಮಾರ್ಫಿ. 1858ರಲ್ಲಿ, 21ನೇ ವಯಸ್ಸಿನಲ್ಲಿ, ಪ್ಯಾರಿಸ್‌ನಲ್ಲಿ ಆಗಿನ ದೊಡ್ಡ ಆಟಗಾರ ಆ್ಯಂಡರ್ಸನ್‌ನನ್ನು ಸೋಲಿಸಿ ಜಗತ್ತಿನ ಅತಿ ಬಲಶಾಲಿ ಆಟಗಾರ ಅನ್ನಿಸಿಕೊಂಡ. ಊರಿಗೆ ಮರಳಿ ಚೆಸ್ ಬಿಟ್ಟು ವಕೀಲಿ ಹಿಡಿಯಲು ಹೋದ. ವಕೀಲಿ ಕುದುರಲೇ ಇಲ್ಲ. ಚೆಸ್‌ಗೂ ಮರಳಲಿಲ್ಲ. ಬಿಟ್ಟ ಮಾತ್ರಕ್ಕೆ ಇನ್ನೊಂದು ಕೈ ಹಿಡಿಯುತ್ತದೆ ಅಂತ ಏನೂ ಇಲ್ಲ. ಬೊಟ್ವಿನ್ನಿಕ್‌ಗೆ ಮುಗಿಸಲು ಒಂದು ಕೆಲಸ ಇತ್ತು, ನಿಮಗೂ ಇದೆ. ಅದೊಂದೇ ನನಗೆ ಧೈರ್ಯ ಕೊಡುವ ವಿಷಯ.

ನನ್ನ ಸಲಹೆ, ಪ್ರಬಂಧ ಮುಗಿಯುವವರೆಗೆ ಪೂರ್ತಿ ಬಿಡಿ. ಜೀವನಪೂರ್ತಿ ಬಿಡುತ್ತೇನೆ ಅಂತ ಶಪಥ ಮಾಡಬೇಡಿ. ಶಪಥ ದೊಡ್ಡದಾದಷ್ಟೂ ಬೇಗ ಮುರಿಯುತ್ತದೆ.

ತಕರಾರು · ಮೂರನೇ ದಿನ, ಬೆಳಿಗ್ಗೆ 10:30

ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ. ಚೆಸ್ ಕೆಟ್ಟದ್ದು, ಪ್ರಬಂಧ ಒಳ್ಳೆಯದು ಅಂತ ಯಾರು ತೀರ್ಮಾನ ಮಾಡಿದ್ದು? ಹೆಸರಾಂತ ಕಲಾವಿದ ಮಾರ್ಸೆಲ್ ದ್ಯುಶಾಂ 1920ರ ದಶಕದಲ್ಲಿ ಕಲೆಯನ್ನು ಬದಿಗಿಟ್ಟು ಚೆಸ್‌ಗೆ ಬಿದ್ದ. ಫ್ರಾನ್ಸ್ ತಂಡದಲ್ಲಿ ಚೆಸ್ ಒಲಿಂಪಿಯಾಡ್‌ಗಳನ್ನೂ ಆಡಿದ. ಆಗ ಇಲ್ಲಿ ಬಂದು ಕೇಳಿದ್ದರೆ ನೀವೆಲ್ಲಾ 'ಆಟ ಬಿಟ್ಟು ಚಿತ್ರ ಬರೆಯಪ್ಪ' ಅನ್ನುತ್ತಿದ್ದಿರಿ.

ಅರ್ಧಪ್ರಬಂಧ ಅವರೇ, ಒಂದು ನೇರ ಪ್ರಶ್ನೆ. ನಾಳೆ ಬೆಳಿಗ್ಗೆ ಪತ್ರ ಬರುತ್ತದೆ, 'ನಿಮ್ಮ ನೋಂದಣಿ ರದ್ದಾಗಿದೆ, ಪ್ರಬಂಧ ಬರೆಯಬೇಕಾಗಿಲ್ಲ' ಅಂತ. ಎದೆ ಭಾರವಾಗುತ್ತದಾ, ಹಗುರವಾಗುತ್ತದಾ? ಹಗುರ ಅಂದರೆ ಚೆಸ್ ಬಿಡುವ ಅಗತ್ಯವೇ ಇಲ್ಲ, ಬಿಡಬೇಕಾದ್ದು ಪ್ರಬಂಧ.

ಗಿಲ್ಡ್‌ಬಿಟ್ಟವ · ಮೂರನೇ ದಿನ, ಬೆಳಿಗ್ಗೆ 10:41

ದ್ಯುಶಾಂ ರಾತ್ರಿ ಎರಡಕ್ಕೆ ಮೂರು ನಿಮಿಷದ ಬ್ಲಿಟ್ಜ್ ಆಡಿಕೊಂಡು ಕೂತಿರಲಿಲ್ಲ ಬಿಡಿ. ಆದರೆ ಪ್ರಶ್ನೆ ಒಳ್ಳೆಯದು.

ಅರ್ಧಪ್ರಬಂಧ · ಐದನೇ ದಿನ, ರಾತ್ರಿ 9:50

ತಕರಾರು ಅವರ ಪ್ರಶ್ನೆ ಎರಡು ದಿನ ಬಿಡಲಿಲ್ಲ. ಮೊದಲು ಬಂದ ಉತ್ತರ 'ಹಗುರ'. ಸುಳ್ಳು ಹೇಳುವುದಿಲ್ಲ. ಆ ಪತ್ರ ಬಂದರೆ ಒಂದು ವಾರ ಹಬ್ಬ ಮಾಡಿದ ಹಾಗೆ ಇರುತ್ತೇನೆ.

ಆದರೆ ಆಮೇಲೆ ಒಂದು ನೆನಪಾಯಿತು. ನನ್ನ ವಿಷಯ ಮಣ್ಣಿನಲ್ಲಿ ನೀರು ಇಂಗುವುದು. ಬಿರುಕು ಬಿಟ್ಟ ಎರೆಮಣ್ಣಿಗೆ ನೀರು ಬಿಟ್ಟರೆ ಮೊದಲು ಗಟಗಟ ಕುಡಿಯುತ್ತದೆ. ನೀರು ತಾಗಿದ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಆಮೇಲೆ ಇಂಗುವುದು ತೀರಾ ನಿಧಾನ. ಇದು ಎಲ್ಲರಿಗೂ ಗೊತ್ತಿರುವುದೇ. ಆದರೆ ಆ ಬದಲಾವಣೆ ಯಾವ ಗಳಿಗೆಯಲ್ಲಿ ಆಗುತ್ತದೆ ಅಂತ ನಾನು ನಿಮಿಷ ನಿಮಿಷಕ್ಕೂ ಅಳೆದಿದ್ದೇನೆ. ಮೂರನೇ ಅಧ್ಯಾಯ ಬರೆಯುವಾಗ ಒಂದು ಸಂಜೆ ನನ್ನದೇ ಅಂಕಿಗಳಲ್ಲಿ ಒಂದು ತಿರುವು ಕಂಡಿತ್ತು. ಅವತ್ತು ಎದ್ದು ನಿಂತು ಕೋಣೆಯಲ್ಲೇ ಓಡಾಡಿದೆ. ಆ ಮಾತು ಇನ್ನೂ ಯಾರಿಗೂ ಹೇಳಿಲ್ಲ, ಅದು ನಾಲ್ಕನೇ ಅಧ್ಯಾಯದಲ್ಲಿ ಬರಬೇಕು. ಪ್ರಬಂಧ ರದ್ದಾದರೆ ಅದು ನನ್ನ ಹಾರ್ಡ್‌ಡಿಸ್ಕ್‌ನಲ್ಲೇ ಸಾಯುತ್ತದೆ. ಅದು ಬೇಡ.

ಆ್ಯಪ್ ತೆಗೆದುಹಾಕಿದೆ. ಪೂರ್ತಿ ಬಿಡಲು ಭಯ. ಯಾರೋ ಖಾಸಗಿಯಾಗಿ ಒಂದು ದಾರಿ ಹೇಳಿದ್ದಾರೆ, ಒಂದು ನಡೆಗೆ ಮೂರು ದಿನ ಅವಕಾಶ ಇರುವ ನಿಧಾನದ ಚೆಸ್. ದಿನಕ್ಕೆ ಹತ್ತು ನಿಮಿಷ ಸಾಕಂತೆ. ಬ್ರೌಸರ್‌ನಲ್ಲಿ ಆರು ಗೇಮ್ ಶುರು ಮಾಡಿದ್ದೇನೆ.

ಹಳೇಕುದುರೆ · ಐದನೇ ದಿನ, ರಾತ್ರಿ 10:05

ಆರು! ಅಯ್ಯೋ.

ಅರ್ಧಪ್ರಬಂಧ · ಹನ್ನೊಂದನೇ ದಿನ, ರಾತ್ರಿ 8:30

ಹಳೇಕುದುರೆ ಸರ್ 'ಅಯ್ಯೋ' ಅಂದದ್ದು ಯಾಕೆ ಅಂತ ಈಗ ಗೊತ್ತಾಯಿತು. ದಿನಕ್ಕೆ ಹತ್ತು ನಿಮಿಷ ಅನ್ನುವುದು ನಿಜ, ಬೋರ್ಡ್ ಮುಂದೆ ಕೂರುವುದು ಹತ್ತೇ ನಿಮಿಷ. ಉಳಿದ ಹೊತ್ತೆಲ್ಲಾ ಆರು ಬೋರ್ಡ್ ತಲೆಯಲ್ಲಿ. ಸ್ನಾನ ಮಾಡುವಾಗ ಮೂರನೇ ಬೋರ್ಡ್, ಮೀಟಿಂಗ್‌ನಲ್ಲಿ ಐದನೇ ಬೋರ್ಡ್. ಮೊನ್ನೆ ಯಾರೋ ನನ್ನ ಅಭಿಪ್ರಾಯ ಕೇಳಿದರು, 'ಒಂಟೆ ಕೊಡಬಹುದು' ಅಂತ ಬಾಯಿಗೆ ಬಂದಿತ್ತು. ಬ್ಲಿಟ್ಜ್ ರಾತ್ರಿಯನ್ನು ಮಾತ್ರ ತಿನ್ನುತ್ತಿತ್ತು. ಇದು ಹಗಲನ್ನೂ ತಿಂದಿತು.

ಲೆಕ್ಕದಹುಳು · ಹನ್ನೊಂದನೇ ದಿನ, ರಾತ್ರಿ 8:52

ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಬರೆದದ್ದು ಇದನ್ನೇ. ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ. ತಿಕ್ಕಿದರೂ ಹೋಗದ ಜಿಡ್ಡಿನ ಹಾಗೆ. ನೀವು ಮುಗಿಯದ ಆರು ಕೆಲಸ ತಲೆ ಮೇಲೆ ಹೊತ್ತುಕೊಂಡು ಏಳನೆಯದಕ್ಕೆ ಕೂತಿರಿ.

ಅರ್ಧಪ್ರಬಂಧ · ಹನ್ನೊಂದನೇ ದಿನ, ರಾತ್ರಿ 9:10

ಆರೂ ಗೇಮ್ ಬಿಟ್ಟುಕೊಟ್ಟೆ. ಅದರಲ್ಲಿ ಎರಡು ಗೆಲ್ಲುವ ಹಾಗಿದ್ದವು. ಖಾತೆಯ ಪಾಸ್‌ವರ್ಡ್ ಬದಲಿಸಲು ತಂಗಿಯ ಕೈಗೆ ಕೊಟ್ಟೆ. ಏನಿಟ್ಟಿದ್ದೀಯ ಅಂತ ಕೇಳಿದರೆ 'ನಿನ್ನ ಪ್ರಬಂಧದ ಕೊನೆಯ ವಾಕ್ಯ, ಬರೆದ ಮೇಲೆ ಹೇಳು' ಅನ್ನುತ್ತಾಳೆ.

ಹೊಸಗಾಳಿ · ಹನ್ನೆರಡನೇ ದಿನ, ಬೆಳಿಗ್ಗೆ 7:00

ಧೈರ್ಯವಾಗಿರಿ! 21 ದಿನ ತಡೆದರೆ ಸಾಕು, ಯಾವ ಅಭ್ಯಾಸವಾದರೂ ಬದಲಾಗುತ್ತದೆ!

ಲೆಕ್ಕದಹುಳು · ಹನ್ನೆರಡನೇ ದಿನ, ಬೆಳಿಗ್ಗೆ 7:48

21 ದಿನದ ಮಾತು ಎಲ್ಲೆಲ್ಲೂ ಓಡಾಡುತ್ತಿದೆ, ನಂಬಿ ಕೂರಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿದ್ದರು. ಹೊಸ ಅಭ್ಯಾಸ ಒಗ್ಗಿಹೋಗಲು ಸುಮಾರು 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಇನ್ನು ಕೆಲವರಿಗೆ 254 ದಿನದ ಅಂದಾಜು. ಅದೂ ದಿನಾ ಹಣ್ಣು ತಿನ್ನುವುದು, ನೀರು ಕುಡಿಯುವುದು, ಇಂಥ ಚಿಕ್ಕಪುಟ್ಟ ಹೊಸ ಅಭ್ಯಾಸಗಳಿಗೆ. ಹಳೆಯದನ್ನು ಬಿಡುವುದು ಬೇರೆ ಮಾತು. ಅದರಲ್ಲಿ ನನಗೆ ಇಷ್ಟವಾದ ಸಂಗತಿ ಒಂದಿದೆ. ನಡುವೆ ಒಂದು ದಿನ ತಪ್ಪಿದರೆ ಹೆಚ್ಚು ನಷ್ಟವೇನೂ ಆಗಲಿಲ್ಲ.

ಅರ್ಧಪ್ರಬಂಧ · ಹತ್ತೊಂಬತ್ತನೇ ದಿನ, ರಾತ್ರಿ 2:40

ಆ ಒಂದು ದಿನ ಇವತ್ತು.

ಹೊಸ ಇಮೇಲ್ ಹಾಕಿ ಹೊಸ ಖಾತೆ ತೆರೆದೆ. ಹೊಸ ಖಾತೆಗೆ ನನ್ನ ಮಟ್ಟ ಗೊತ್ತಿಲ್ಲವಲ್ಲ, ಈಗಷ್ಟೇ ಕಲಿಯುತ್ತಿರುವವರನ್ನು ಎದುರಿಗೆ ಕೂರಿಸಿತು. ಸಾಲಾಗಿ 14 ಗೇಮ್ ಗೆದ್ದೆ. ಪಾಪ, ಯಾರೋ ಮಕ್ಕಳಿರಬೇಕು. ನಾಚಿಕೆಯಾಯಿತು, ಆದರೂ ನಿಲ್ಲಿಸಲಿಲ್ಲ. ಮೂರು ಗಂಟೆ ಹೋಯಿತು. ಇಷ್ಟು ದಿನ ಮಾಡಿದ್ದೆಲ್ಲಾ ನೀರಿಗೆ ಹಾಕಿದ ಹೋಮ.

ಸೂಜಿದಾರ · ಹತ್ತೊಂಬತ್ತನೇ ದಿನ, ಬೆಳಿಗ್ಗೆ 6:10

ನೀರಿಗೆ ಯಾಕೆ ಹೋಗುತ್ತದೆ? ಒಂದು ಹೊಲಿಗೆ ತಪ್ಪಿದರೆ ಬಟ್ಟೆ ಎಸೆಯುತ್ತೀರಾ? ಅಷ್ಟನ್ನು ಬಿಚ್ಚಿ ಮತ್ತೆ ಹಾಕುವುದು. ಇರಲಿ, ಒಂದು ಕೇಳುತ್ತೇನೆ. ನಿನ್ನೆ ಸಂಜೆ ಏನಾಯಿತು?

ಅರ್ಧಪ್ರಬಂಧ · ಹತ್ತೊಂಬತ್ತನೇ ದಿನ, ಮಧ್ಯಾಹ್ನ 1:30

ಏನೂ ಆಗಲಿಲ್ಲ ಅಕ್ಕ. ಅದೇ ಕಷ್ಟ. ಊಟ ಮುಗಿಸಿ 'ಅಧ್ಯಾಯ 4' ಅನ್ನುವ ಫೈಲ್ ತೆರೆದೆ. ಇಪ್ಪತ್ತು ನಿಮಿಷ ಖಾಲಿ ಪುಟ ನೋಡಿಕೊಂಡು ಕೂತೆ. ಎಲ್ಲಿಂದ ಹಿಡಿಯಬೇಕು ಗೊತ್ತಾಗಲಿಲ್ಲ. ಕೈ ತಾನಾಗಿ ಬ್ರೌಸರ್‌ಗೆ ಹೋಯಿತು. ಇಷ್ಟು ವರ್ಷ ಚೆಸ್ ನನ್ನನ್ನು ಪ್ರಬಂಧದಿಂದ ಎಳೆದುಕೊಂಡು ಹೋಗುತ್ತಿದೆ ಅಂದುಕೊಂಡಿದ್ದೆ. ನಿನ್ನೆ ನಾನೇ ಓಡಿಹೋದದ್ದು ಕಣ್ಣಿಗೆ ಕಂಡಿತು.

ಚೆಸ್‌ನಲ್ಲಿ ಐದು ನಿಮಿಷಕ್ಕೆ ಗೆದ್ದೆಯೋ ಸೋತೆಯೋ ಅಂತ ಹೇಳಿಬಿಡುತ್ತಾರೆ. ಪ್ರಬಂಧದಲ್ಲಿ ಎರಡು ಗಂಟೆ ಕೂತರೂ ಯಾರೂ ಏನೂ ಹೇಳುವುದಿಲ್ಲ.

ಸೂಜಿದಾರ · ಹತ್ತೊಂಬತ್ತನೇ ದಿನ, ಮಧ್ಯಾಹ್ನ 3:20

ಹಾಗೆ ಹೇಳಿ ಮತ್ತೆ. ಇದಕ್ಕೆ ನನ್ನ ಹತ್ತಿರ ಔಷಧಿ ಇದೆ.

ದೊಡ್ಡ ಬಟ್ಟೆ ಹಾಕುವಾಗ ನಾವು ಸಾಲು ಮುಗಿಸಿ ಎದ್ದೇಳುವುದಿಲ್ಲ. ಸಾಲಿನ ನಡುವೆ, ದಾರ ಪೋಣಿಸಿದ ಸೂಜಿಯನ್ನು ಮುಂದಿನ ಹೊಲಿಗೆ ಬೀಳಬೇಕಾದ ಜಾಗದಲ್ಲೇ ಚುಚ್ಚಿಟ್ಟು ಏಳುತ್ತೇವೆ. ಮರುದಿನ ಬಂದು ಕೂತವಳು ಯಾವ ಬಣ್ಣ, ಎಲ್ಲಿಂದ, ಅಂತ ಯೋಚಿಸುವಂತಿಲ್ಲ. ಸೂಜಿ ಎಳೆದರೆ ಆಯಿತು. ಒಂದು ಹೊಲಿಗೆ ಬಿದ್ದ ಮೇಲೆ ಉಳಿದದ್ದು ಕೈಗೇ ಗೊತ್ತು.

ನೀವೂ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಏಳಿ. ಹೆಸರೇ ಅರ್ಧಪ್ರಬಂಧ ಅಂತ ಇಟ್ಟುಕೊಂಡಿದ್ದೀರಿ, ಕಷ್ಟವಾಗಬಾರದು. ಇನ್ನೊಂದು. ಇಡೀ ಬಟ್ಟೆ ಮುಂದೆ ಹರಡಿಕೊಂಡು ಕೂರಬೇಡಿ. ಇವತ್ತಿನ ಎಲೆ ಯಾವುದು ಅಷ್ಟೇ.

ಲೆಕ್ಕದಹುಳು · ಹತ್ತೊಂಬತ್ತನೇ ದಿನ, ಸಂಜೆ 5:00

ಮೊನ್ನೆ ನಾನು ಹೇಳಿದ ಜಿಡ್ಡು ಇಲ್ಲಿ ಉಪಯೋಗಕ್ಕೆ ಬರುತ್ತದೆ ನೋಡಿ. ಅರ್ಧಕ್ಕೆ ಬಿಟ್ಟದ್ದು ತಲೆಗೆ ಅಂಟಿಕೊಳ್ಳುವುದಾದರೆ, ಅಂಟುವುದು ಪ್ರಬಂಧವೇ ಆಗಲಿ.

ಗಿಲ್ಡ್‌ಬಿಟ್ಟವ · ಹತ್ತೊಂಬತ್ತನೇ ದಿನ, ರಾತ್ರಿ 8:15

ರಾತ್ರಿ ಒಂಬತ್ತಕ್ಕೆ ನಾನೂ ನನ್ನ ಕೆಲಸ ಹಿಡಿದು ಕೂರುತ್ತೇನೆ. ಕೂತ ತಕ್ಷಣ ಇಲ್ಲಿ ಒಂದು ಚುಕ್ಕಿ ಹಾಕುತ್ತೇನೆ. ನೀವೂ ಹಾಕಿ. ಎದ್ದಾಗ ಇನ್ನೊಂದು ಚುಕ್ಕಿ. ಮಾತು ಬೇಡ.

ಗಿಲ್ಡ್‌ಬಿಟ್ಟವ · ರಾತ್ರಿ 9:00

.

ಅರ್ಧಪ್ರಬಂಧ · ರಾತ್ರಿ 9:04

.

ಸುಮ್ನೆಓದುವವಳು · ರಾತ್ರಿ 9:05

. (ನಾನೂ ಬರಬಹುದಾ? ಓದುವುದು ಬಿಟ್ಟು ಬೇರೆ ಏನಾದರೂ ಮಾಡುತ್ತೇನೆ.)

ಅರ್ಧಪ್ರಬಂಧ · ಮೂವತ್ತೆಂಟನೇ ದಿನ, ರಾತ್ರಿ 10:20

ಚುಕ್ಕಿ ಬಿಟ್ಟು ಬಹಳ ದಿನದ ಮೇಲೆ ಮಾತು. 16 ಪುಟ ಆಗಿದೆ. ದಿನಕ್ಕೆ ಒಂದು ಗ್ರಾಫ್, ಅದರಲ್ಲಿ ಏನು ಕಾಣುತ್ತದೆ ಅಂತ ಎರಡು ಪ್ಯಾರಾ, ಅಷ್ಟೇ. ಸೂಜಿ ಚುಚ್ಚಿಟ್ಟು ಏಳುವುದು ಮೊದಲ ಎರಡು ದಿನ ಹಿಂಸೆ ಅನ್ನಿಸಿತು. ಅಕ್ಕ, ಈಗ ಮಲಗಿದಾಗ ಕುದುರೆ ಬರುತ್ತಿಲ್ಲ, ಅರ್ಧ ವಾಕ್ಯ ಬರುತ್ತದೆ. ನಿದ್ದೆ ಮಾತ್ರ ಇನ್ನೂ ಸರಿ ಹೋಗಿಲ್ಲ!

ಚೆಸ್ ಆಸೆ ಹೋಗಿದೆಯಾ? ಇಲ್ಲ. ಸಂಜೆ ಏಳರಿಂದ ಒಂಬತ್ತರವರೆಗೆ ಕೈ ಚಡಪಡಿಸುತ್ತದೆ. ಹೊಸ ಖಾತೆಯನ್ನೂ ಮುಚ್ಚಿಸಿದೆ. ನಡುವೆ ಒಂದು ಭಾನುವಾರ ತಂಗಿ ಮಗಳ ಜೊತೆ ಮರದ ಬೋರ್ಡ್ ಮೇಲೆ ಆಡಿದೆ, ಗಡಿಯಾರ ಇಲ್ಲದೆ. ಎಂಟು ವರ್ಷದ ಹುಡುಗಿ, ಒಂದು ನಡೆಗೆ ಹತ್ತು ನಿಮಿಷ ಯೋಚಿಸುತ್ತಾಳೆ, ಅದರಲ್ಲಿ ಒಂಬತ್ತು ನಿಮಿಷ ಆನೆಯ ಜೊತೆ ಮಾತಾಡುತ್ತಾಳೆ. ಎಷ್ಟೋ ವರ್ಷದ ಮೇಲೆ ರೇಟಿಂಗ್ ಇಲ್ಲದ ಗೇಮ್ ಆಡಿದ್ದು. ಅವಳ ಆನೆಗೆ ಒಂದು ಹೆಸರೂ ಇದೆ, ಹೇಳಬಾರದಂತೆ.

ತಕರಾರು · ಮೂವತ್ತೆಂಟನೇ ದಿನ, ರಾತ್ರಿ 10:45

ಗೆದ್ದದ್ದು ಯಾರು?

ಅರ್ಧಪ್ರಬಂಧ · ಮೂವತ್ತೆಂಟನೇ ದಿನ, ರಾತ್ರಿ 10:47

ಆನೆ.

ಲೆನ್ಸ್‌ಕ್ಯಾಪ್ · ನಲವತ್ತನೇ ದಿನ, ಬೆಳಿಗ್ಗೆ 5:15

ನನ್ನ ಕಡೆಯ ವರದಿ. ಕ್ಯಾಮೆರಾ ಗೆಳೆಯನ ಮನೆಯಲ್ಲಿಟ್ಟೆ. ಒಂದು ತಿಂಗಳಲ್ಲಿ ಒಮ್ಮೆಯೂ ಕೇಳಲಿಲ್ಲ. ಆದರೆ ಈಗಲೂ ಶನಿವಾರ ನಾಲ್ಕಕ್ಕೇ ಎಚ್ಚರವಾಗುತ್ತದೆ, ಎದ್ದು ಸುಮ್ನೆ ಹಕ್ಕಿ ನೋಡಿ ಬರುತ್ತೇನೆ. ಎಂಟಕ್ಕೆ ಮನೆಯಲ್ಲಿರುತ್ತೇನೆ. ಮೊದಲು ಮಧ್ಯಾಹ್ನದವರೆಗೆ ಫೋಟೋ ತಿದ್ದುವುದರಲ್ಲೇ ಹೋಗುತ್ತಿತ್ತು. ನನಗೆ ಬೇಕಿದ್ದದ್ದು ಹಕ್ಕಿ ಅಂತ ಈಗ ಅನುಮಾನ ಬರುತ್ತಿದೆ.

ಅರ್ಧಪ್ರಬಂಧ · ಅರವತ್ತಮೂರನೇ ದಿನ, ಮಧ್ಯಾಹ್ನ 12:10

ನಾಲ್ಕನೇ ಅಧ್ಯಾಯ ನಿನ್ನೆ ಗೈಡ್‌ಗೆ ಕಳಿಸಿದೆ. 31 ಪುಟ. ಎರಡು ವರ್ಷದ ಮೇಲೆ ಕಳಿಸುತ್ತಿದ್ದೇನೆ, ಏನೆನ್ನುತ್ತಾರೋ ಅಂತ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಒಂದು ಸಾಲಿನ ಉತ್ತರ ಬಂತು. 'ಚಿತ್ರ 4.3ರಲ್ಲಿ ಗಂಟೆಗೆ ಮಿಲಿಮೀಟರ್ ಇರಬೇಕು, ನಿಮಿಷಕ್ಕೆ ಅಂತ ಬರೆದಿದ್ದೀರಿ. ಐದನೆಯದು ಯಾವಾಗ?'

ಮತ್ತೆ ಕೇಳಲು ಶುರು ಮಾಡಿದ್ದಾರೆ.

ಸೂಜಿದಾರ · ಅರವತ್ತಮೂರನೇ ದಿನ, ಮಧ್ಯಾಹ್ನ 12:40

ಭೇಷ್. ನಾನೂ ಹೊಸ ಚೌಕಟ್ಟು ತಂದೆ. ಅರ್ಧ ಗಂಟೆ ಮಾತ್ರ.

ಹಳೇಕುದುರೆ · ಅರವತ್ತಮೂರನೇ ದಿನ, ಮಧ್ಯಾಹ್ನ 1:05

ಸಂತೋಷವಾಯಿತು. ಈಗಲಾದರೂ ಆ 1,893ರ ಗೇಮ್ ಕಳಿಸಿ. ಆನೆ ಜಾಸ್ತಿ ಇದ್ದೂ ಟೈಮ್ ಹೇಗೆ ಮುಗಿಯಿತು ಅಂತ ನೋಡಬೇಕು. ಎರಡು ತಿಂಗಳಿಂದ ತಲೆಯಲ್ಲಿ ಕೊರೆಯುತ್ತಿದೆ.

ಅರ್ಧಪ್ರಬಂಧ · ಅರವತ್ತಮೂರನೇ ದಿನ, ಮಧ್ಯಾಹ್ನ 1:07

ಪಾಸ್‌ವರ್ಡ್ ತಂಗಿಯ ಹತ್ತಿರ ಇದೆ ಸರ್. ಐದನೇ ಅಧ್ಯಾಯದ ಕೊನೆಯ ವಾಕ್ಯ ಆಗಲಿ.

ಗಿಲ್ಡ್‌ಬಿಟ್ಟವ · ರಾತ್ರಿ 9:00

.

ಸುಮ್ನೆಓದುವವಳು · ರಾತ್ರಿ 9:00

.

ಅರ್ಧಪ್ರಬಂಧ · ರಾತ್ರಿ 9:02

.